ಕಡತದ ಮನೆ

ಕಡತವೆಂಬ ಮಾತನ್ನು ಈಗ ನಾವು ಫೈಲು ಎಂಬುದಕ್ಕೆ ಬದಲಾಗಿ ಬಳಸುತ್ತಿರುವೆವು. ಕಚೇರಿಯ ಕಡತ, ಗಣಕಯಂತ್ರದ ಕಡತ ಎಂದು ದಿನವೂ ಹೇಳುವವರಲ್ಲಿ ಕಡತವನ್ನು ಕಣ್ಣಾರೆ ಕಂಡವರು ವಿರಳ. ಅದು ಬಟ್ಟೆಯ ಪುಸ್ತಕ. ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಆ ಕರಿಯ ಮೈಯ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅಂಗಡಿಯ ಲೆಕ್ಕ, ಮಠದ ಲೆಕ್ಕ, ಊರಿನ ಲೆಕ್ಕ ಎಲ್ಲವೂ ಅದರಲ್ಲಿ ಅಡಗಿರುತ್ತಿದ್ದಿತು. ಬೇಕಾದಾಗ ಒರಸಿ ತಿದ್ದುವುದಕ್ಕೂ ಆಸ್ಪದವಿದ್ದಿತು. ಆದಕಾರಣ ಕಡತದಲ್ಲಿ ಏನು ಬರೆದಿದೆ ಎಂಬುದಕ್ಕಿಂತಲೂ ಅದು ಯಾರ ಮನೆಯಲ್ಲಿದೆ ಎಂಬುದೇ ಒಮ್ಮೊಮ್ಮೆ ದೊಡ್ಡ ಮಾತಾಗುತ್ತಿದ್ದಿತು.

ನಮ್ಮ ಸೀಮೆಯಲ್ಲಿ ಊರ ಲೆಕ್ಕವು ಕರಣಂ ಮನೆಯಲ್ಲಿರುತ್ತಿದ್ದಿತು. ಮೈಸೂರಿನ ಕಡೆಯವರು ಶಾನುಭೋಗರೆನ್ನುವರು. ಬಳ್ಳಾರಿಯು 1953ನೆಯ ಇಸವಿ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿದ್ದುದರಿಂದ ನಮಗೆ ಕರಣಂ ಎಂಬ ಹೆಸರೇ ರೂಢಿ. 1800ರಲ್ಲಿ ನಿಜಾಮನು ಈ ದತ್ತಮಂಡಲವನ್ನು ಕುಂಪಣಿಗೆ ಒಪ್ಪಿಸಿದ ಮೇಲೆ ಕಲೆಕ್ಟರಾಗಿ ಬಂದ ತಾಮಸ್ ಮನ್ರೋ ಹೊಲಹೊಲವನ್ನೂ ಅಳೆಯಿಸಿದನು. ಅಷ್ಟು ದೊಡ್ಡ ಅಧಿಕಾರಿಗೂ ಊರೊಳಗಿನ ಲೆಕ್ಕಕ್ಕೆ ಕರಣಂ ಬೇಕಾಗಿದ್ದನು. ಕರಣಂ ಸಜ್ಜನನಾದರೆ ಊರಿಗೆ ನೆರಳು. ಅಲ್ಲವಾದರೆ ರೈತನು ತನ್ನ ಹೊಲದ ಲೆಕ್ಕವನ್ನು ಕೇಳುವುದಕ್ಕೆ ಅವನ ಜಗಲಿಯ ಮುಂದೆ ಕೈಕಟ್ಟಿ ನಿಲ್ಲಬೇಕು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದವು. ಜಗಲಿ ಮಾತ್ರ ಪೂರ್ತಿಯಾಗಿ ಹೋಗಿಲ್ಲ, ಸ್ಥಳ ಬದಲಾಯಿಸಿದೆ ಎಂದು ನನಗೆ ತೋರುವುದು. ಅದನ್ನು ಹೇಳಬೇಕಾದರೆ ನಮ್ಮ ಮನೆಯ ವಿಷಯವನ್ನು ಸ್ವಲ್ಪ ಹೇಳಬೇಕು.

ನಮ್ಮ ಮನೆತನದವರು ಮೂರು ಊರುಗಳಲ್ಲಿ ಹಂಚಿಹೋಗಿರುವೆವು. ನಾನು ಬಳ್ಳಾರಿಯಲ್ಲಿ, ಕೋಟೆಯ ಬೆಟ್ಟ ಕಾಣುವ ಒಂದು ಬೀದಿಯಲ್ಲಿರುವೆನು. ತಂಗಿಯನ್ನು ಸಿರುಗುಪ್ಪಕ್ಕೆ ಕೊಟ್ಟಿದೆ. ಅವರದು ತುಂಗಭದ್ರೆಯ ನೀರು ಕುಡಿದು ಬೆಳೆಯುವ ಭತ್ತದ ಗದ್ದೆಗಳ ಮನೆ. ಮೂಲದ ಮನೆ ಕುರುಗೋಡಿನಲ್ಲಿದೆ. ದೊಡ್ಡಬಸವೇಶ್ವರನ ಗುಡಿಯ ಗಂಟೆ ಅಲ್ಲಿಯ ಪಡಸಾಲೆಗೆ ಕೇಳಿಸುವುದು. ಅಲ್ಲಿ ದೊಡ್ಡಪ್ಪನವರ ಮಗ, ನನಗೆ ಅಣ್ಣ, ಇರುವರು. ದೊಡ್ಡಪ್ಪನವರು ಬಯಲಾಟದ ಮಾಸ್ತರರು. ಸುಗ್ಗಿ ಮುಗಿದ ಮೇಲೆ ಯಾವುದಾದರೊಂದು ಊರಿಗೆ ಹೋಗಿ, ತಿಂಗಳೆರಡು ತಿಂಗಳು ಅಲ್ಲಿಯೇ ಉಳಿದು, ಒಕ್ಕಲುಮಕ್ಕಳಿಗೆ ಮಾತು, ಹಾಡು, ಹೆಜ್ಜೆ ಮೂರನ್ನೂ ಕಲಿಸಿ, ಆಟ ಕಟ್ಟಿಸಿ ಬರುವುದು ಅವರ ಕಸುಬಾಗಿದ್ದಿತು. ಅವರ ಕೈಬರಹದ 23 ಪುಸ್ತಕಗಳು ಈಗಲೂ ಕುರುಗೋಡಿನ ಟ್ರಂಕಿನಲ್ಲಿವೆ. ಆದರೆ ಹಾಡಿನ ಧಾಟಿಯು ಪುಸ್ತಕದಲ್ಲಿ ಬರುವುದಿಲ್ಲವಷ್ಟೆ. ಆದುದರಿಂದ 2017 ಮತ್ತು 2018ರ ಬೇಸಗೆಗಳಲ್ಲಿ ತಂಗಿಯು ಅವರನ್ನು ಕೂರಿಸಿಕೊಂಡು 41 ಹಾಡುಗಳನ್ನು ತನ್ನ ಫೋನಿನಲ್ಲಿ ಹಿಡಿದಿಟ್ಟಳು. ಮಾರನೆಯ ವರ್ಷ ಅವರು ತೀರಿಕೊಂಡರು.

ಆ ಧ್ವನಿಗಳೆಲ್ಲ ದೂರದ ಒಂದು ದೊಡ್ಡ ಕಂಪನಿಯ ಉಗ್ರಾಣದಲ್ಲಿದ್ದವು. ಬಾಡಿಗೆ ಇಲ್ಲ, ಬೀಗದ ಚಿಂತೆ ಇಲ್ಲ. ಫೋನ್ ತಾನಾಗಿಯೇ ಸಾಗಿಸುತ್ತಿದ್ದಿತು. 2021ರಲ್ಲಿ ತಂಗಿಯ ಫೋನ್ ಕಾಲುವೆಯ ಪಾಲಾಯಿತು. ಅದಕ್ಕೆ ಮೊದಲೇ ಅವಳ ಹಳೆಯ ನಂಬರು ಹೋಗಿ ಬೇರೊಬ್ಬರಿಗೆ ಸೇರಿದ್ದಿತು. ಹೊಸ ಫೋನಿನಿಂದ ಉಗ್ರಾಣದ ಬಾಗಿಲು ತಟ್ಟಿದಾಗ, ನೀವು ನೀವೇ ಎಂಬುದನ್ನು ಹಳೆಯ ನಂಬರಿನ ಮೂಲಕ ರುಜುವಾತುಪಡಿಸಿರಿ ಎಂದು ಯಂತ್ರವು ಕೇಳಿತು. ಆರು ಮನವಿಗಳನ್ನು ಬರೆದೆವು. ಆರಕ್ಕೂ ಅಚ್ಚುಹಾಕಿದಂತೆ ಒಂದೇ ಉತ್ತರ. ಕರಣಂ ಆದರೂ ಜಗಲಿಯ ಮೇಲೆ ಕಣ್ಣಿಗೆ ಕಾಣುವಂತೆ ಕುಳಿತಿರುತ್ತಿದ್ದನು. ಇಲ್ಲಿ ಬೈಯಬೇಕೆಂದರೂ ಮನುಷ್ಯನ ಮುಖವಿಲ್ಲ. ತಂಗಿಯು ಹಿಂದೆ ಅಣ್ಣನವರ ಫೋನಿಗೆ ಕಳುಹಿಸಿದ್ದ 15 ಹಾಡುಗಳು ಸಿಕ್ಕಿದವು. 26 ಹೋದವು.

ಬೀಗ ಬಿದ್ದ ಉಗ್ರಾಣಗಳ ಕಥೆ ಹೊಸದಲ್ಲ. ನಮ್ಮ ಹುಡುಗರು ಹಗಲಿರುಳು ಹರಟುತ್ತಿದ್ದ ಆರ್ಕುಟ್ 2014ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಯಾಹೂ ಗುಂಪುಗಳು 2020ರ ಕೊನೆಯಲ್ಲಿ ಮುಗಿದವು. ಬೆಂಗಳೂರಿನಲ್ಲಿಯೇ ಹುಟ್ಟಿ ಕನ್ನಡಿಗರು ಅನೇಕರು ಬರೆಯುತ್ತಿದ್ದ ಕೂ 2024ರ ಜುಲೈಯಲ್ಲಿ ನಿಂತುಹೋಯಿತು. ವ್ಯಾಪಾರ ನಡೆಯದಿದ್ದರೆ ಅಂಗಡಿ ಮುಚ್ಚುವುದು ಲೋಕಧರ್ಮವೇ ಆಗಿದೆ. ಅದಕ್ಕೆ ಯಾರನ್ನೂ ದೂರುವಂತಿಲ್ಲ. ನಮ್ಮ ಮನೆಯ ಟ್ರಂಕನ್ನು ಅಂಗಡಿಯಲ್ಲಿಟ್ಟಿದ್ದರೆ ಮಾತ್ರ ಕಷ್ಟ.

ತಂಗಿಯ ಮಗನು ಬೆಂಗಳೂರಿನಲ್ಲಿ ಗಣಕಯಂತ್ರದ ಕೆಲಸದಲ್ಲಿರುವನು. ಮೂಲಬರಹವನ್ನು ಎಲ್ಲರಿಗೂ ತೆರೆದಿಟ್ಟ ಸ್ವತಂತ್ರ ತಂತ್ರಾಂಶಗಳನ್ನು ತಂದು ನಮ್ಮ ಯಂತ್ರದಲ್ಲಿಯೇ ನೆಲೆಗೊಳಿಸಿದರೆ ಉಗ್ರಾಣವೂ ನಮ್ಮದೇ, ಬೀಗವೂ ನಮ್ಮದೇ ಎಂದು ಅವನು ಹೇಳಿದನು. ಇಂಥ ತಂತ್ರಾಂಶಗಳಿಗಾಗಿ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿದನು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಹೊರತಂದನು. ಇವುಗಳ ಮೇಲೆ ಕಟ್ಟಿದ ಮನೆಗಳು ಈಗ ಲೆಕ್ಕವಿಲ್ಲದಷ್ಟಿವೆ. ಅವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದೇ ತೊಡಕು.

2022ರಲ್ಲಿ ಅವನು ಮೊದಲು ತಂದುದು ನೆಕ್ಸ್ಟ್‌ಕ್ಲೌಡ್. 2010ರಲ್ಲಿ ಓನ್‌ಕ್ಲೌಡ್ ಎಂಬುದನ್ನು ಆರಂಭಿಸಿದ ಫ್ರಾಂಕ್ ಕಾರ್ಲಿಚೆಕ್ ಎಂಬವರೇ 2016ರಲ್ಲಿ ಅದರಿಂದ ಕವಲೊಡೆದು ಇದನ್ನು ಕಟ್ಟಿದರು. ಕಡತ, ಚಿತ್ರ, ಪಂಚಾಂಗ, ವಿಳಾಸಪಟ್ಟಿ ಎಲ್ಲಕ್ಕೂ ಅದರಲ್ಲಿ ಕೋಣೆಗಳಿವೆ, ಅಚ್ಚುಕಟ್ಟಾದ ಬಂಗಲೆ. ನನ್ನ ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಅದನ್ನು ನಿಲ್ಲಿಸಿ, ಮೂರು ಊರಿನವರಿಗೂ ಒಂದೊಂದು ಪಾಸ್‌ವರ್ಡ್ ಕೊಟ್ಟು, ನನ್ನನ್ನು ಅದರ ಯಜಮಾನನನ್ನಾಗಿ ಮಾಡಿ ಅವನು ಬೆಂಗಳೂರಿಗೆ ಹೋದನು. ಒಂದು ವರ್ಷ ಅದು ಚೆನ್ನಾಗಿಯೇ ನಡೆಯಿತು. ನನ್ನ ಬೀದಿಯಲ್ಲಿ ವಿದ್ಯುತ್ತು ಹೋದರೆ ಸ್ವಲ್ಪ ಹೊತ್ತಿನ ಮೇಲೆ ಸಿರುಗುಪ್ಪಕ್ಕೂ ಕುರುಗೋಡಿಗೂ ಬಾಗಿಲು ಮುಚ್ಚುತ್ತಿದ್ದಿತು, ಅಷ್ಟನ್ನು ಸಹಿಸಬಹುದಾಗಿದ್ದಿತು.

ಒಂದು ದಿನ ಅಣ್ಣನವರು ಫೋನ್ ಮಾಡಿದರು. ಅವರ ಪಾಸ್‌ವರ್ಡ್ ಕೆಲಸ ಮಾಡುತ್ತಿರಲಿಲ್ಲ. ಅವರು ಅದನ್ನು ಹೇಳದೆ, “ತಮ್ಮಾ, ನಮ್ಮಪ್ಪನ ಒಂದು ಹಾಡು ಬೇಕಾಗಿತ್ತು. ನಿನಗ ಪುರುಸೊತ್ತಾದಾಗ ತೆಗೆದು ಕೊಡ್ತೀಯೇನು?” ಎಂದು ಮೆಲ್ಲಗೆ ಕೇಳಿದರು. ನನಗಿಂತ ಒಂಬತ್ತು ವರ್ಷಕ್ಕೆ ಹಿರಿಯರು. ಕೇಳಿದುದು ಹೆತ್ತ ತಂದೆಯ ಧ್ವನಿಯನ್ನು. ಹಾಡನ್ನು ಕೂಡಲೆ ಕಳುಹಿಸಿದೆನು. ಆದರೆ ಆ ಮಾತಿನಲ್ಲಿದ್ದ ವಿನಯವು ಬಹಳ ದಿನ ನನ್ನನ್ನು ಬಿಡಲಿಲ್ಲ. ಕರಣಂ ಮನೆಯ ಜಗಲಿಯು ಆ ದೂರದ ಕಂಪನಿಯಿಂದ ಎದ್ದು ಬಂದು ನನ್ನ ಪಡಸಾಲೆಯಲ್ಲಿ ಕುಳಿತಿದ್ದಿತು.

ಸ್ವಂತ ಉಗ್ರಾಣವನ್ನು ಹೊಗಳುವವರು ಸಾಮಾನ್ಯವಾಗಿ ಇದನ್ನು ಹೇಳುವುದಿಲ್ಲ. ಕಂಪನಿಯ ಕೈಯಿಂದ ಬಿಡಿಸಿಕೊಂಡುದು ಮನೆಯಲ್ಲಿ ಯಾರಾದರೊಬ್ಬನ ಕೈಗೆ ಸೇರಿಯೇ ತೀರುವುದು. ಅವನು ಒಳ್ಳೆಯವನೇ ಇರಬಹುದು. ಆದರೆ ಅವನಿಗೆ ಜ್ವರ ಬರುವುದು, ಅವನು ಊರಿಗೆ ಹೋಗುವನು, ಒಂದು ದಿನ ಲೋಕವನ್ನೇ ಬಿಡುವನು. ನಾನು ಹೋದ ಮೇಲೆ ಯಜಮಾನನ ಪಾಸ್‌ವರ್ಡ್ ಯಾರಿಗೆ? ಅಳಿಯನಿಗೆ. ಅವನ ಮೇಲೆ? ಹೀಗೆ ಕೇಳುತ್ತಹೋದರೆ ಮತ್ತೆ ವಂಶಪಾರಂಪರ್ಯದ ಕರಣಿಕೆಯೇ ಆಗುವುದು. ಯಾವ ತಂತ್ರಾಂಶದಲ್ಲಿ ಸೌಕರ್ಯ ಹೆಚ್ಚು ಎಂದು ಕೇಳುವುದನ್ನು ಬಿಟ್ಟು, ಯಾವುದರಲ್ಲಿ ಯಜಮಾನನೇ ಬೇಕಾಗಿಲ್ಲ ಎಂದು ಅಳಿಯನನ್ನು ಕೇಳಿದೆನು. ಅವನು ಸ್ವಲ್ಪ ಯೋಚಿಸಿ, “ಹಂಗಾದ್ರೆ ಸಿಂಕ್‌ಥಿಂಗ್ ಹಾಕ್ಕೊಳ್ಳೋಣ ಮಾಮ, ಆದ್ರೆ ನೋಡಾಕ ಚೆಂದ ಇರಂಗಿಲ್ಲ” ಎಂದನು.

ಸಿಂಕ್‌ಥಿಂಗನ್ನು ಯಾಕೋಬ್ ಬೋರ್ಗ್ ಎಂಬವರು 2013ರಲ್ಲಿ ಆರಂಭಿಸಿದರು. ನೋಡುವುದಕ್ಕೆ ನಿಜವಾಗಿಯೂ ಚೆಂದವಿಲ್ಲ. ಅದರಲ್ಲಿ ನಡುಮನೆಯೆಂಬುದೇ ಇಲ್ಲ. ಮೂರು ಊರುಗಳ ಮೂರು ಯಂತ್ರಗಳಲ್ಲಿಯೂ ಇಡೀ ಟ್ರಂಕಿನ ಪೂರ್ಣಪ್ರತಿ ಇರುವುದು. ಒಂದರಲ್ಲಿ ಹೊಸದೇನಾದರೂ ಬಂದರೆ ಉಳಿದ ಎರಡಕ್ಕೂ ತಾನೇ ಹೋಗುವುದು. ಕಡತವನ್ನು ತುಂಡುತುಂಡಾಗಿ ನೋಡಿ, ಬದಲಾದ ತುಂಡನ್ನು ಮಾತ್ರ ಸಾಗಿಸುವುದರಿಂದ ಸಿರುಗುಪ್ಪದ ನಿಧಾನವಾದ ಸಂಪರ್ಕಕ್ಕೂ ಭಾರವಾಗುವುದಿಲ್ಲ. ಪ್ರತಿಯೊಂದು ಯಂತ್ರಕ್ಕೂ ಏಳೇಳು ಅಕ್ಷರದ ಎಂಟು ಗುಂಪುಗಳುಳ್ಳ ಒಂದು ಗುರುತು ಉಂಟು. ಎರಡು ಯಂತ್ರಗಳು ಪರಸ್ಪರ ಗುರುತನ್ನು ಒಪ್ಪಿಕೊಂಡ ಹೊರತು ಮಾತನಾಡವು. ನಾನೊಬ್ಬನೇ ಒಪ್ಪಿದರೆ ಸಾಲದು, ತಂಗಿಯೂ ಒಪ್ಪಬೇಕು. ಈ ಮರ್ಯಾದೆ ನನಗೆ ಹಿಡಿಸಿತು. 56 ಅಕ್ಷರಗಳನ್ನು ಫೋನಿನಲ್ಲಿ ಓದಿ ಒಪ್ಪಿಸಲು ಅಣ್ಣನವರು ಅರ್ಧ ಗಂಟೆ ತೆಗೆದುಕೊಂಡರು. ಚಿತ್ರಸಂಕೇತಕ್ಕೆ ಫೋನ್ ಹಿಡಿದರೆ ಕ್ಷಣದ ಕೆಲಸವೆಂದು ಅಳಿಯನು ಆಮೇಲೆ ಹೇಳಿದನು.

ಇದರಲ್ಲಿ ತೊಡಕುಗಳಿಲ್ಲವೆಂದಲ್ಲ. ಎಲ್ಲಕ್ಕಿಂತ ದೊಡ್ಡದು, ಒಂದು ಮನೆಯಲ್ಲಿ ಅಳಿಸಿದರೆ ಮೂರರಲ್ಲಿಯೂ ಅಳಿಯುವುದು; ಬಟ್ಟೆಯ ಕಡತವನ್ನು ಒರಸಿದ ಹಾಗೆಯೇ. ಸಮನ್ವಯವು ಬೇರೆ, ಸಂರಕ್ಷಣೆಯು ಬೇರೆ. ಇದಕ್ಕೆ ಪರಿಹಾರವಾಗಿ ಹಳೆಯ ಪ್ರತಿಯನ್ನು ಪಕ್ಕಕ್ಕೆ ತೆಗೆದಿಡುವ ಏರ್ಪಾಡು ಅದರೊಳಗೇ ಉಂಟು. ಆದರೆ ಅದು ಹೊರಗಿನಿಂದ ಬಂದ ಬದಲಾವಣೆಗೆ ಮಾತ್ರ ಅನ್ವಯಿಸುವುದು. ನಾನು ಇಲ್ಲಿ ಅಳಿಸಿದರೆ ನನ್ನಲ್ಲಿ ಹೋಗುವುದು, ಸಿರುಗುಪ್ಪದಲ್ಲಿಯೂ ಕುರುಗೋಡಿನಲ್ಲಿಯೂ ಹಳೆಯದು ಮೂಲೆಯಲ್ಲಿ ಉಳಿದಿರುವುದು. ಇದರ ಮೇಲೆ ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಒಂದು ಬೇರೆ ಡಿಸ್ಕಿಗೆ ಎಲ್ಲವನ್ನೂ ಇಳಿಸಿ, ಪೂಜೆ ಮಾಡಿ, ಕುರುಗೋಡಿನ ಟ್ರಂಕಿನಲ್ಲಿಟ್ಟು ಬೀಗ ಹಾಕುವೆವು. ಕತ್ತಿ ತಕ್ಕಡಿಗಳ ಸಾಲಿನಲ್ಲಿ ಡಿಸ್ಕಿಗೂ ಕುಂಕುಮ ಬೀಳುವುದು.

ಕನ್ನಡದ್ದೇ ಆದ ಒಂದು ಸೂಕ್ಷ್ಮವನ್ನು ಇಲ್ಲಿ ಹೇಳಬೇಕು. ಕುರುಗೋಡು ಎಂಬ ಹೆಸರಿನ ‘ಗೋ’ದಲ್ಲಿರುವ ಓತ್ವವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು, ಎರಡು ಮೂರು ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಹಳೆಯ ಮ್ಯಾಕ್ ಯಂತ್ರಗಳು ಬಿಡಿಸಿ ಬರೆಯುತ್ತಿದ್ದವು, ಇತರ ಯಂತ್ರಗಳು ಕೂಡಿಸಿ ಬರೆಯುವುವು. ಎಚ್ಚರವಿಲ್ಲದ ತಂತ್ರಾಂಶಕ್ಕೆ ಒಂದೇ ಊರು ಎರಡೂರಾಗಿ ಕಾಣುವುದು. ಸಿಂಕ್‌ಥಿಂಗ್ ಅವನ್ನು ತಾನಾಗಿಯೇ ಒಂದು ರೂಪಕ್ಕೆ ತರುವುದು. ಎಲ್ಲೋ ಸ್ವೀಡನ್ನಿನಲ್ಲಿ ಕುಳಿತು ಬರೆದವರಿಗೆ ನಮ್ಮ ಓತ್ವದ ಕಷ್ಟ ನೇರವಾಗಿ ತಿಳಿದಿರಲಾರದು. ಆದರೂ ಪ್ರಯೋಜನ ನಮಗೆ ದೊರೆಯಿತು.

2024ರ ಡಿಸೆಂಬರಿನಲ್ಲಿ ಇದರ ಆಂಡ್ರಾಯ್ಡ್ ಫೋನಿನ ಅಧಿಕೃತ ಆವೃತ್ತಿಯು ನಿಂತಿತು. ಸಿರುಗುಪ್ಪದ ತಂಗಿ ಗಾಬರಿಯಾದಳು. ಮತ್ತೊಂದು ಅಂಗಡಿ ಮುಚ್ಚಿತೆಂದು ಅವಳ ಭಾವನೆ. ಆದರೆ ಮೂಲಬರಹವು ತೆರೆದಿದ್ದುದರಿಂದ ಅದರ ಕವಲೊಂದನ್ನು ಬೇರೆಯವರು ನಡೆಸುತ್ತಿದ್ದರು, ಅದನ್ನು ಹಾಕಿಕೊಂಡೆವು. ಕೂ ನಿಂತ ವರ್ಷವೂ ಅದೇ. ಎರಡು ನಿಲುಗಡೆಗಳಿಗೂ ಇರುವ ಅಂತರವನ್ನು ತಂಗಿಗೆ ನಾನು ವಿವರಿಸಬೇಕಾಗಲಿಲ್ಲ.

ಯಂತ್ರಗಳ ಮಾತು ಹೆಚ್ಚು ಬೇಡ. ಮೂರು ಮನೆಗಳಲ್ಲಿಯೂ ಮಕ್ಕಳು ಓದಿ ಬಿಟ್ಟ ಹಳೆಯ ಲ್ಯಾಪ್‌ಟಾಪುಗಳೇ ಇವೆ. ಅವುಗಳ ಹೊಟ್ಟೆಯಲ್ಲಿ ಬ್ಯಾಟರಿ ಇರುವುದರಿಂದ ಸಣ್ಣಪುಟ್ಟ ಕತ್ತಲೆಗೆ ಇನ್ವರ್ಟರ್ ಬೇಕಾಗಿಲ್ಲ. ನಮ್ಮ ಊರುಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ಮಾತ್ರ ಮಧ್ಯಾಹ್ನ ಅವಕ್ಕೆ ರಜೆ. ದೊಡ್ಡಪ್ಪನವರೂ ಆ ಹೊತ್ತಿನಲ್ಲಿ ಹಾಡುತ್ತಿರಲಿಲ್ಲ.

ಇನ್ನು ಜಾಲದ ವಿಚಾರ. ಮನೆಯಲ್ಲಿಟ್ಟ ಯಂತ್ರವನ್ನು ಹೊರಗಿನಿಂದ ಮುಟ್ಟುವುದು ಹೇಳಿದಷ್ಟು ಸುಲಭವಲ್ಲ. ಅಂತರ್ಜಾಲದ ಹಳೆಯ ಕ್ರಮದಲ್ಲಿ ಇರುವ ವಿಳಾಸಗಳೇ ಒಟ್ಟು ಸುಮಾರು 430 ಕೋಟಿ. ಲೋಕದ ಯಂತ್ರಗಳಿಗೆ ಅವು ಸಾಲವು. ಅದಕ್ಕಾಗಿ ಸಂಪರ್ಕ ಒದಗಿಸುವವರು ನೂರಾರು ಮನೆಗಳಿಗೆ ಒಂದೇ ವಿಳಾಸವನ್ನು ಹಂಚುವರು. ಹಿಂದೆ ಹಾಸ್ಟೆಲಿನ ಹುಡುಗರ ಕಾಗದಗಳೆಲ್ಲ ವಾರ್ಡನ್ ಮಾರ್ಫತ್ ಬರುತ್ತಿದ್ದಂತೆ. ನಾವು ಹೊರಗೆ ಕಾಗದ ಹಾಕಬಹುದು. ಹೊರಗಿನವನು ನೇರವಾಗಿ ನಮ್ಮ ಕೋಣೆಯ ಬಾಗಿಲಿಗೆ ಬರಲಾರನು. ನೆಕ್ಸ್ಟ್‌ಕ್ಲೌಡ್ ಇದ್ದಾಗ ಇದಕ್ಕಾಗಿಯೇ ಒಂದು ಸಣ್ಣ ಯಂತ್ರವನ್ನು ಮುಂಬಯಿಯಲ್ಲಿ ಬಾಡಿಗೆಗೆ ಹಿಡಿದಿದ್ದೆವು. ಸಿಂಕ್‌ಥಿಂಗ್ ಬಂದ ಮೇಲೆ ಕಡತಗಳಿಗೆ ಅದು ಬೇಕಾಗಲಿಲ್ಲ. ಎರಡು ಯಂತ್ರಗಳು ನೇರವಾಗಿ ಸಂಧಿಸಲಾರದಿದ್ದರೆ, ಸ್ವಯಂಸೇವಕರು ನಡೆಸುವ ನಡುಗಟ್ಟೆಗಳ ಮೂಲಕ ಕಟ್ಟನ್ನು ದಾಟಿಸುವುವು. ನಡುಗಟ್ಟೆಯವರಿಗೆ ಕಟ್ಟಿನೊಳಗಿನದು ಓದಲು ಬಾರದು.

ಅಳಿಯನು ದೂರದಿಂದ ನಮ್ಮ ಯಂತ್ರಗಳನ್ನು ರಿಪೇರಿ ಮಾಡಬೇಕಾದರೆ ಮಾತ್ರ ಒಂದು ದಾರಿ ಬೇಕು. ಬಳ್ಳಾರಿಯ ಕೋಟೆಯ ವಿಷಯವಾಗಿ ಒಂದು ಐತಿಹ್ಯವನ್ನು ವಾಚಕರು ಕೇಳಿರಬಹುದು. ಹೈದರಾಲಿಯು ಫ್ರೆಂಚ್ ಎಂಜಿನಿಯರನೊಬ್ಬನಿಂದ ಕೋಟೆಯನ್ನು ಬಲಪಡಿಸಿದನಂತೆ; ಎಲ್ಲ ಮುಗಿದ ಮೇಲೆ ನೋಡಿದರೆ ಪಕ್ಕದ ಕುಂಬಾರಗುಡ್ಡವೇ ಕೋಟೆಗಿಂತ ಎತ್ತರ; ಎಂಜಿನಿಯರನನ್ನು ನೇಣಿಗೆ ಹಾಕಿಸಿದನಂತೆ. ನಿಜವೋ ಸುಳ್ಳೋ, ಮನೆಯ ಯಂತ್ರಕ್ಕೆ ಹೊರಬಾಗಿಲು ಇಡುವವರೆಲ್ಲರೂ ಕುಂಬಾರಗುಡ್ಡವನ್ನು ಒಮ್ಮೆ ನೋಡಿಕೊಳ್ಳತಕ್ಕುದು. ನಾವು ಆರಿಸಿದುದು ವೈರ್‌ಗಾರ್ಡ್. ಜೇಸನ್ ಡಾನನ್‌ಫೆಲ್ಡ್ ಎಂಬವರು ಬರೆದದ್ದು. 2020ರ ಮಾರ್ಚಿನಲ್ಲಿ ಲಿನಕ್ಸಿನ ಒಡಲಿಗೇ ಸೇರಿತು. ಚಿಕ್ಕದಾದುದರಿಂದ ಪರೀಕ್ಷಿಸುವವರಿಗೆ ಅನುಕೂಲ. ಕೀಲಿ ಇಲ್ಲದವನು ತಟ್ಟಿದರೆ ಅದು ಉತ್ತರವನ್ನೇ ಕೊಡುವುದಿಲ್ಲ. ಒಳಗೆ ಜನರಿದ್ದಾರೆಂಬ ಸುಳಿವೂ ಸಿಗದು. ಮುಂಬಯಿಯ ಬಾಡಿಗೆ ಯಂತ್ರವನ್ನು ಇದಕ್ಕಾಗಿ ಉಳಿಸಿಕೊಂಡೆವು. ಅದರಲ್ಲಿ ಕಡತ ಒಂದೂ ಇಲ್ಲ. ಹೆಡ್‌ಸ್ಕೇಲ್ ಎಂಬುದನ್ನು ಹಾಕಿದರೆ ಯಂತ್ರಗಳ ಪಟ್ಟಿಯನ್ನು ಅದೇ ನೋಡಿಕೊಳ್ಳುವುದೆಂದು ಅಳಿಯನಿಗೆ ಆಸೆ. ನಾಲ್ಕು ಯಂತ್ರಗಳ ಪಟ್ಟಿಗೆ ಗುಮಾಸ್ತನೇಕೆಂದು ನಾನು ಒಪ್ಪಲಿಲ್ಲ.

ಮಾತುಕತೆಯ ತಂತ್ರಾಂಶದಲ್ಲಿ ಮಾತ್ರ ನಮಗೆ ಜಯ ದೊರೆಯಲಿಲ್ಲವೆಂದು ಹೇಳಬೇಕು. 2014ರಲ್ಲಿ ಹೊರಟ ಮೇಟ್ರಿಕ್ಸನ್ನು ನೋಡಿದೆವು. ಫ್ರಾನ್ಸಿನ ಸರ್ಕಾರವೇ ತನ್ನ ನೌಕರರಿಗೆ ಅದರ ಮೇಲೆ ಟ್ಚಾಪ್ ಎಂಬುದನ್ನು ಕಟ್ಟಿದೆ. ಅದರ ಸಿನಾಪ್ಸ್ ಸರ್ವರು ನಮ್ಮ ಮುದಿ ಲ್ಯಾಪ್‌ಟಾಪಿಗೆ ಹೆಚ್ಚಿನ ಹೊರೆ. 1999ರಲ್ಲಿ ಜಾಬರ್ ಎಂಬ ಹೆಸರಿನಿಂದ ಹುಟ್ಟಿದ ಎಕ್ಸ್‌ಎಂಪಿಪಿ ಹಗುರ. ಪ್ರೊಸಡಿ ಎಂಬ ಅದರ ಸರ್ವರನ್ನು ಇಟ್ಟು ನಾಲ್ಕು ಜನ ಆರು ವಾರ ಮಾತನಾಡಿದೆವು. ತಂತ್ರಾಂಶದಲ್ಲಿ ಕೊರತೆ ಇರಲಿಲ್ಲ. ತಂಗಿಯೇ ಬಿಟ್ಟಳು. “ಅಣ್ಣಾ, ಲಗ್ನದ ಕರೆ, ಮಿಲ್ಲಿನ ರೇಟು, ಸಾಲಿ ಮಾಸ್ತರ ಸುದ್ದಿ ಎಲ್ಲಾ ಆ ಕಡೆ ಬರ್ತದ. ಇಲ್ಲಿ ನೀವು ನಾಕು ಮಂದಿ ಅದೀರಿ” ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಸಂತೆಯನ್ನು ಮನೆಯೊಳಗೆ ತರುವುದಕ್ಕಾಗುವುದಿಲ್ಲ. ಸಂತೆಗೆ ನಾವೇ ಹೋಗಬೇಕು. ಈಗ ಹರಟೆಯೆಲ್ಲ ಲೋಕದ ದಾರಿಯಲ್ಲಿಯೇ ನಡೆಯುವುದು. ಕಡತ ಮಾತ್ರ ಆ ದಾರಿಯಲ್ಲಿ ಒಂಟಿಯಾಗಿ ಹೋಗಬಾರದೆಂದು ಮೂವರೂ ಒಪ್ಪಿರುವೆವು.

ಸಿರುಗುಪ್ಪದ ಹತ್ತಿರದ ಒಂದು ಹಳ್ಳಿಯಲ್ಲಿ ದೊಡ್ಡಪ್ಪನವರಿಗೆ ಮದ್ದಳೆ ಬಾರಿಸುತ್ತಿದ್ದ ಮುದುಕರೊಬ್ಬರಿರುವರು. ಕಳೆದುಹೋದ 26 ಹಾಡುಗಳಲ್ಲಿ ಕೆಲವು ಅವರಿಗೆ ನೆನಪುಂಟು. ತಂಗಿಯು ಎರಡು ಸಲ ಹೋಗಿ 7 ಹಾಡುಗಳನ್ನು ಹಿಡಿದು ತಂದಿರುವಳು. ಅವಳು ಮನೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಅವು ಕುರುಗೋಡಿಗೂ ಬಳ್ಳಾರಿಗೂ ಬಂದಿದ್ದವು. ಅಣ್ಣನವರು ಯಾರನ್ನೂ ಕೇಳದೆ ತಮ್ಮ ಪಡಸಾಲೆಯಲ್ಲಿ ಕೇಳಿಕೊಂಡರು. ಧಾಟಿಯಲ್ಲಿ ಭೇದವಿದೆ, ಇವನ್ನು ಅಪ್ಪನ ಹಾಡುಗಳ ಕಟ್ಟಿನಲ್ಲಿ ಸೇರಿಸಬಾರದು, ಬೇರೆ ಕಟ್ಟು ಮಾಡಬೇಕು ಎಂದು ಅವರು. ಹಾಡು ಅವರದೇ, ಒಂದೇ ಕಟ್ಟಿನಲ್ಲಿರಲಿ ಎಂದು ತಂಗಿ. ಅವರು ಬೇರೆ ಇಡುವರು, ಇವಳು ಕೂಡಿಸುವಳು; ಮೂರು ಯಂತ್ರಗಳೂ ಅವರವರ ಮಾತಿನಂತೆ ದಿನಕ್ಕೆರಡು ಸಲ ಕುಣಿಯುವುವು. ಬರುವ ಅಮಾವಾಸ್ಯೆಗೆ ಕುರುಗೋಡಿನಲ್ಲಿ ಸೇರಿ, ಊಟವಾದ ಮೇಲೆ ಏಳನ್ನೂ ಕೇಳಿ ತೀರ್ಮಾನಿಸುವುದೆಂದು ಆಗಿದೆ.